ಒಂದೇ ಪಟ್ಟಿನ ಕಲಾಫಿ

ಅತ್ತೆಯೂ ಬರುತ್ತಾರೆ ಎಂದು ಗೊತ್ತಾದಾಗ ಕಲಾಫಿ ಬಚ್ಚಲಿನ ಕನ್ನಡಿಯ ಮುಂದೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ತನ್ನ ಕಿವಿಗಳನ್ನು ನೋಡಿಕೊಳ್ಳುತ್ತಿದ್ದ. ಎರಡೂ ಕಿವಿಗಳು ಹೂಕೋಸಿನಂತೆ ಮುದುಡಿ ಗಟ್ಟಿಯಾಗಿದ್ದವು. ಬಾಕ್ಸಿಂಗಿನವರಿಗೆ ಮೂಗು ಹೋಗುತ್ತದೆ, ಕುಸ್ತಿಯವರಿಗೆ ಕಿವಿ; ಇದು ಬಲ್ಲವರಿಗೆಲ್ಲ ಗೊತ್ತು. ಅತ್ತೆ ಬಲ್ಲವರಲ್ಲ ಎಂಬುದೇ ಇಷ್ಟು ವರ್ಷ ಅವನ ಪಾಲಿನ ಪುಣ್ಯವಾಗಿತ್ತು. ಫೋನು ಬೇಸಿನ್ನಿನ ಅಂಚಿನಲ್ಲಿ ಗುರುಗುಟ್ಟಿದಾಗ ಅವನು ನೊರೆಯನ್ನು ಉಗುಳಬೇಕೋ ನುಂಗಬೇಕೋ ತಿಳಿಯದೆ ನುಂಗಿದ. ಮೆಲಿಯಾಮೆ ಅತ್ತೆಯ ಫೋನು ಬಂದಾಗ ಉಗುಳುವುದು, ಅದು ಅವರಿಗೆ ಕಾಣಿಸದಿದ್ದರೂ, ಆಗದ ಮಾತು.

"ಕಲಾಫಿ, ಇವತ್ತು ನಿನ್ನ ಬಾಕ್ಸಿಂಗ್ ಎಷ್ಟೊತ್ತಿಗೆ? ಚರ್ಚಿನ ವ್ಯಾನು ತಗೊಂಡಿದೀನಿ. ನಾವು ಹೆಂಗಸ್ರೆಲ್ಲ ಬರ್ತಿದೀವಿ."

"ಅತ್ತೆ, ಅಲ್ಲಿ ಗಲಾಟೆ ಜಾಸ್ತಿ. ನಿಮಗೆ ತಲೆನೋವು ಬರುತ್ತೆ."

"ಗಲಾಟೆ ಮಾಡೋಕೇ ಅಲ್ವೇನೋ ಬರ್ತಿರೋದು. ಯಾರ ಜೊತೆ?"

"ಮಾಟೆ ಅಂತ. ಊರಿನ ಪಶ್ಚಿಮದ ಕಡೆಯೋನು. ಅವರ ಅಜ್ಜ ಕ್ರೊಯೇಷಿಯಾದಿಂದ ಬಂದೋರು."

"ಮಾಟೇನಾ?" ಎಂದರು ಅತ್ತೆ. ಅವರ ಟೊಂಗಾ ದ್ವೀಪಗಳ ಮಾತಿನಲ್ಲಿ ಹಾಗೆಂದರೆ ಸತ್ತವನು. "ಸತ್ತೋನ ಜೊತೆ ಗುದ್ದಾಡೋಕೆ ಇಷ್ಟು ತಯಾರಿ ಯಾಕಪ್ಪಾ? ಒಂದು ಚಾಪೆ ಹೊದಿಸಿ, ಪ್ರಾರ್ಥನೆ ಮಾಡಿ ಬಂದ್ರೆ ಮುಗೀತು." ಆಮೇಲೆ ಅವರು ತಮ್ಮ ಮಾತಿಗೆ ತಾವೇ ನಕ್ಕ ನಗು ಫೋನಿನಿಂದ ಹೊರಬಂದು ಬಚ್ಚಲಿನ ತುಂಬ ಓಡಾಡಿತು.

ತಾನು ಬಾಕ್ಸಿಂಗ್ ಮಾಡುತ್ತೇನೆಂದು ಕಲಾಫಿ ಯಾವತ್ತೂ ಹೇಳಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಹೇರುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಂಜೆಯೆಲ್ಲ ಎಲ್ಲಿಗೆ ಹೋಗುತ್ತೀಯೆಂದು ಅತ್ತೆ ಕೇಳಿದ್ದರು. ಜಿಮ್ಮಿಗೆ ಎಂದಿದ್ದ. ಬಾಕ್ಸಿಂಗಾ ಎಂದು ಕೇಳಿದಾಗ ಅವನಿಗೆ ಕೆಮ್ಮು ಬಂದಿತ್ತು. ಆ ಕೆಮ್ಮನ್ನು ಅವರು ಹೌದು ಎಂದು ತಿಳಿದುಕೊಂಡರು, ತಮ್ಮ ಬಡಾವಣೆ ಮಾಂಗೆರೆಯ ಚರ್ಚಿನಲ್ಲಿ ಎಲ್ಲರಿಗೂ ಹೇಳಿದರು, ಪಾದ್ರಿಗಳು ಒಂದು ಭಾನುವಾರ ನಮ್ಮ ಹುಡುಗನ ಮುಷ್ಟಿಗಳಿಗೆ ಬಲ ಕೊಡು ದೇವರೇ ಎಂದು ಪ್ರಾರ್ಥಿಸಿಯೂ ಬಿಟ್ಟರು. ಆಮೆನ್ ಎನ್ನುವಾಗ ಕಲಾಫಿ ತನ್ನ ಮುಷ್ಟಿಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದ. ದೇವರು ಆ ಪ್ರಾರ್ಥನೆಯನ್ನು ಕೇಳಿಸಿಕೊಂಡ ಯಾವ ಗುರುತೂ ಮುಂದೆ ಕಾಣಲಿಲ್ಲ. ಕಲಾಫಿಗೆ ಗುದ್ದಲು ಬರುತ್ತಿರಲಿಲ್ಲ, ಒದೆಯಲು ಬರುತ್ತಿರಲಿಲ್ಲ. ಗುದ್ದು, ಒದೆ, ಕುಸ್ತಿ ಎಲ್ಲವೂ ನಡೆಯುವ ಆ ಪಂಜರದೊಳಗೆ ಅವನಿಗೆ ಬರುತ್ತಿದ್ದದ್ದು ಒಂದೇ: ತಲೆ ತಗ್ಗಿಸಿ ಎದುರಾಳಿಯ ಕಾಲಿಗೆ ಬೀಳುವುದು, ಎರಡೂ ಕಾಲುಗಳನ್ನು ಬಾಚಿ ಅವನನ್ನು ನೆಲಕ್ಕೆ ಕೆಡವುವುದು, ಗಂಟೆ ಹೊಡೆಯುವವರೆಗೆ ಅವನ ಮೇಲೆ ಮಲಗಿರುವುದು. ಜಿಮ್ಮಿನಲ್ಲಿ ಅವನನ್ನು ಹಾಸಿಗೆ ಎಂದು ಕರೆಯುತ್ತಿದ್ದರು. ಅವನ ಕಾಳಗದ ವಿಡಿಯೋದ ಕೆಳಗೆ ಯಾರೋ ಪುಣ್ಯಾತ್ಮ, ಮಗು ನಿದ್ದೆ ಮಾಡುತ್ತಿರಲಿಲ್ಲ, ಇದನ್ನು ಹಾಕಿದೆ, ಮಲಗಿತು ಎಂದು ಬರೆದಿದ್ದ. ಆದರೂ ಅವನು ಗೆಲ್ಲುತ್ತಿದ್ದ. ಏನು ಮಾಡುತ್ತಾನೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಅವನು ಅದನ್ನೇ ಮಾಡುತ್ತಿದ್ದ, ಗೊತ್ತಿದ್ದವರೆಲ್ಲ ಬೀಳುತ್ತಿದ್ದರು.

ಜಿಮ್ಮಿನ ಗುರು ಹೋನೆ, ತಲೆ ಪೂರ್ತಿ ಬೋಳಾದ, ಗಡ್ಡವನ್ನು ಮಾತ್ರ ಜಡೆ ಹೆಣೆದುಕೊಳ್ಳುವ, ಈ ನಾಡಿನ ಮೂಲನಿವಾಸಿ ಮಾವೊರಿ. ಅವನಿಗೆ ಇದರ ಬಗ್ಗೆ ಚಿಂತೆ ಇರಲಿಲ್ಲ. "ಹತ್ತು ಪಟ್ಟು ಬರೋನು ಯಾವುದು ಹಾಕ್ಲಿ ಅಂತ ಯೋಚ್ನೆ ಮಾಡ್ತಾ ನಿಲ್ತಾನೆ ಕಣೋ," ಎನ್ನುತ್ತಿದ್ದ, "ನಿಂಗೆ ಆ ಕಷ್ಟಾನೇ ಇಲ್ಲ. ಯೋಚ್ನೆ ಮಾಡೋ ಸಾಮಾನೂ ದೇವ್ರು ಕೊಟ್ಟಿಲ್ಲ." ಆದರೆ ರೊಟೊರುವಾ ಊರಿನ ಪಂದ್ಯದಲ್ಲಿ ನಡೆದದ್ದನ್ನು ಹೋನೆಯೂ ನೋಡಿದ್ದ. ಅಲ್ಲಿ ಎದುರಾಳಿಯೂ ಕುಸ್ತಿಯವನೇ. ಇವನು ಕಾಲಿಗೆ ಹೋದರೆ ಅವನು ಜಾರುತ್ತಿದ್ದ, ಅವನು ಬಂದರೆ ಇವನು. ಕೊನೆಗೆ ಇಬ್ಬರೂ ಎದ್ದು ನಿಂತು, ನೀವು ಮೊದಲು ಒಳಗೆ ನಡೀರಿ ಎಂದು ಬಾಗಿಲಲ್ಲೇ ಉಪಚಾರ ಮಾಡುವ ಬೀಗರಂತೆ ಕೈ ಚಾಚಿಕೊಂಡು ಸುತ್ತಿದ್ದರು. ಜನ ಮೊದಲು ಕೂಗಿದರು, ಆಮೇಲೆ ನಕ್ಕರು, ಆಮೇಲೆ ತಮ್ಮ ತಮ್ಮ ಫೋನು ನೋಡಿಕೊಂಡರು. ಕೂಗಿದ್ದಕ್ಕಿಂತ ಆ ಫೋನುಗಳ ಬೆಳಕು ಕಲಾಫಿಯನ್ನು ಹೆಚ್ಚು ಚುಚ್ಚಿತ್ತು.

ಈಗ ಹೋನೆಯ ಹಳೆ ವ್ಯಾನಿನಲ್ಲಿ ಕುಳಿತು ಪಂದ್ಯದ ಸಭಾಂಗಣದ ಕಡೆ ಹೋಗುವಾಗ ಅವನ ತಲೆಯಲ್ಲಿ ಮಾಟೆಯ ಒದೆಗಳಿಗೆ ಜಾಗವೇ ಇರಲಿಲ್ಲ. ಇವತ್ತು ಗೆದ್ದವನನ್ನು ಸಿಡ್ನಿಯ ದೊಡ್ಡ ಪಂದ್ಯಕ್ಕೆ ಕರೆಸುತ್ತಾರೆ ಎಂಬುದೂ ಎಲ್ಲೋ ಮೂಲೆಗೆ ಸರಿದಿತ್ತು. ಅತ್ತೆ ಎಂದರೆ ಅಪ್ಪನ ಅಕ್ಕ. ಅಪ್ಪ ತನ್ನ ತಟ್ಟೆಯ ದೊಡ್ಡ ತುಂಡನ್ನು ಎತ್ತಿಡುತ್ತಿದ್ದದ್ದು ಅವರಿಗೆ. ಹೆಣ್ಣು ತಂದರೂ ಹೆಣ ಎತ್ತಿದರೂ ಮೊದಲ ಮಾತು ಅವರದು. ಅವರು ಕೋಣೆಯಲ್ಲಿದ್ದಾಗ ಟಿವಿಯಲ್ಲಿ ಗಂಡು ಹೆಣ್ಣು ಹತ್ತಿರ ಬಂದರೆ ಹುಡುಗರೆಲ್ಲ ಏನೋ ಜ್ಞಾಪಕ ಬಂದವರಂತೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಅವರ ಮುಂದೆ ಚಡ್ಡಿ ಎಂಬ ಮಾತನ್ನೂ ಆಡುವಂತಿರಲಿಲ್ಲ. ಅವರೆದುರಿಗೆ ಇವತ್ತು ತಾನು ಬರಿಮೈಯಲ್ಲಿ, ಬಿಗಿ ಚಡ್ಡಿಯಲ್ಲಿ, ಇನ್ನೊಬ್ಬ ಬರಿಮೈ ಗಂಡಸಿನ ಕಂಕುಳಲ್ಲಿ ಮುಖವಿಟ್ಟು ಮಲಗಬೇಕು. ಅದೂ ಅಷ್ಟು ಹೊತ್ತು. ಪಕ್ಕದಲ್ಲಿ ಚರ್ಚಿನ ಹೆಂಗಸರು. ಗುದ್ದಾಟವಾದರೆ ಬರಿಮೈಗೂ ಒಂದು ಮರ್ಯಾದೆಯಿದೆ, ನಡುವೆ ಒಂದು ಮೊಳ ಗಾಳಿಯಾದರೂ ಆಡುತ್ತದೆ. ಕುಸ್ತಿಯಲ್ಲಿ ಅದೂ ಇಲ್ಲ. ಹಿಂದಿನ ದಿನ ತೂಕ ನೋಡುವಾಗ ಮುಳ್ಳು ಒಂದು ಕೂದಲಷ್ಟು ಮುಂದೆ ನಿಂತು, ಅವನು ಉಟ್ಟದ್ದನ್ನೂ ಕಳಚಿ ಟವೆಲ್ಲಿನ ಮರೆಯಲ್ಲಿ ನಿಲ್ಲಬೇಕಾಗಿ ಬಂದಿತ್ತು. ಟವೆಲ್ಲಿನ ಒಂದು ತುದಿಯನ್ನು ಮಾಟೆಯೇ ಹಿಡಿದಿದ್ದ. ನೋಡಲ್ಲ ಬಿಡಪ್ಪ ಎಂದು ಸೂರಿನ ಕಡೆ ಕತ್ತೆತ್ತಿಕೊಂಡು, "ನಿನ್ನ ಆ ಪಟ್ಟು ನಂಗೆ ಕನಸಲ್ಲೂ ಬರುತ್ತೆ ಗೊತ್ತಾ," ಎಂದಿದ್ದ. "ನಿದ್ದೇಲಿ ಕಾಲು ಎಳ್ಕೊಳ್ತೀನಂತೆ. ಹೆಂಡ್ತಿ ಬೈತಾಳೆ." ಮಾಟೆಯದೂ ಅದೇ ಜಾತಿಯ ಕೊರತೆ, ತಲೆಕೆಳಗು. ನಿಂತರೆ ಅವನು ಹುಲಿ, ನೆಲಕ್ಕೆ ಬಿದ್ದರೆ ಮಗುಚಿದ ಆಮೆ. ಒಳ್ಳೆಯವನು. ಅವನ ಕಂಕುಳಲ್ಲಿ ಮುಖವಿಡುವುದಕ್ಕೆ ಬೇರೆ ದಿನವಾಗಿದ್ದರೆ ಕಲಾಫಿಯ ಅಡ್ಡಿಯೇನೂ ಇರಲಿಲ್ಲ.

"ಇವತ್ತು ನಿಂತೇ ಆಡ್ತೀನಿ," ಎಂದ ಕಲಾಫಿ.

ಹೋನೆ ಅದನ್ನು ತಮಾಷೆ ಎಂದುಕೊಂಡು ಸಿಗ್ನಲ್ಲು ಹಸಿರಾದರೂ ಹೊರಡದೆ ನಗುತ್ತಿದ್ದ. ಹಿಂದಿನವರು ಹಾರನ್ ಹೊಡೆದರು.

ಅತ್ತೆ ಮೊದಲನೆಯ ಸಾಲಿನಲ್ಲೇ ಇದ್ದರು. ಸೊಂಟಕ್ಕೆ ಹೆಣೆದ ಚಾಪೆ ಸುತ್ತಿ, ಕಪ್ಪು ಉಡುಪಿನಲ್ಲಿ, ಬಿಳಿಗೂದಲಿಗೆ ಕೆಂಪು ಹೂ ಸಿಕ್ಕಿಸಿ, ಚರ್ಚಿಗೆ ಬಂದವರಂತೆಯೇ ಬಂದಿದ್ದರು. ಸುತ್ತ ಬಿಯರು ಹಿಡಿದ ಗಂಡಸರು ತಮಗೇ ತಿಳಿಯದಂತೆ ಲೋಟಗಳನ್ನು ಕುರ್ಚಿಯ ಕೆಳಗೆ ಇಟ್ಟುಕೊಂಡಿದ್ದರು. ಪಂಜರದ ಬಾಗಿಲು ಮುಚ್ಚಿದಾಗ ಕಲಾಫಿ ಆ ಕಡೆ ನೋಡಬಾರದೆಂದುಕೊಂಡು ನೋಡಿದ. ಅತ್ತೆ ತಮ್ಮ ಎರಡೂ ಮುಷ್ಟಿಗಳನ್ನು ಎತ್ತಿ ತೋರಿಸಿದರು.

ಗಂಟೆ ಹೊಡೆಯಿತು. ಮಾಟೆ ಸೊಂಟ ಹಿಂದಕ್ಕೆ ಮಾಡಿ, ಕೈಗಳನ್ನು ಮೊಣಕಾಲಿನ ಹತ್ತಿರ ಇಳಿಬಿಟ್ಟು, ಬೀಳುವ ಮಡಕೆಯನ್ನು ಹಿಡಿಯಲು ನಿಂತವನಂತೆ ಬಂದ. ಕಲಾಫಿ ನಿಂತೇ ಇದ್ದ. ನಿಂತು ಏನು ಮಾಡುವುದೆಂದು ಯೋಚಿಸಿ, ಬಲಗೈಯನ್ನು ಹಿಂದಕ್ಕೆ ಎಳೆದು, ವಿಮಾನದ ಹೊಟ್ಟೆಗೆ ಪೆಟ್ಟಿಗೆ ಎಸೆಯುವಂತೆ ಎಸೆದ. ಅದು ಹೋಗಿ ಮಾಟೆಯ ದವಡೆಗೆ ಬಿತ್ತು. ಮಾಟೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಬಲೆಗೆ ತಾಗಿ ನಿಂತು ತನ್ನ ದವಡೆಯನ್ನೂ ಕಲಾಫಿಯನ್ನೂ ಅಪರಿಚಿತರನ್ನು ನೋಡುವಂತೆ ನೋಡಿದ. ಚರ್ಚಿನ ಹೆಂಗಸರು ಕಿರುಚಿದರು. ಓ, ಎಂದುಕೊಂಡ ಕಲಾಫಿ. ಇಷ್ಟೇನಾ? ಇಷ್ಟು ವರ್ಷ ಇದು ತನ್ನೊಳಗೇ ಇತ್ತೇ? ಪಾದ್ರಿಗಳ ಪ್ರಾರ್ಥನೆ ತಡವಾಗಿ ತಲುಪಿತೇ? ಆ ಕ್ಷಣ ಅವನು ಮನಸ್ಸಿನಲ್ಲಿ ಸಿಡ್ನಿಗೆ ಹೋಗಿ, ಅಲ್ಲಿ ನಿಂತೇ ಗೆದ್ದು, ಮರಳಿ ಬಂದು, ಚರ್ಚಿನ ಊಟದಲ್ಲಿ ಅತ್ತೆಯ ಪಕ್ಕ ಕುಳಿತು ಕೆಸುವಿನೆಲೆಯಲ್ಲಿ ಬೆಂದ ಮಾಂಸವನ್ನು ತಿನ್ನುತ್ತಿದ್ದ. ಅಷ್ಟರಲ್ಲಿ ಮಾಟೆಗೆ ವಿಷಯ ಅರ್ಥವಾಯಿತು. ಇವನು ಇವತ್ತು ಕಾಲಿಗೆ ಬರುವುದಿಲ್ಲ. ಮಾಟೆಯ ಕೈಗಳು ಮೊಣಕಾಲು ಬಿಟ್ಟು ನಿಧಾನವಾಗಿ ಮೇಲೆದ್ದವು, ಬೆನ್ನು ನೆಟ್ಟಗಾಯಿತು, ಮುಖದಲ್ಲಿ ರಜೆ ಸಿಕ್ಕವನ ಕಳೆ ಬಂತು. ಆಮೇಲಿನದನ್ನು ಕಲಾಫಿ ಬಿಡಿಬಿಡಿಯಾಗಿ ಮಾತ್ರ ನೋಡಿದ. ಮೂಗಿಗೆ ಒಂದು. ತೊಡೆಗೆ ಒಂದು. ಮೂಗಿಗೆ ಇನ್ನೊಂದು, ಮೊದಲಿನದರ ಮೇಲೆಯೇ, ಮೊಳೆಯ ಮೇಲೆ ಸುತ್ತಿಗೆ ಬಿದ್ದಂತೆ. ತಾನು ಬೀಸಿದ ಕೈಗಳು ಮಾಟೆ ಈಗಷ್ಟೇ ಬಿಟ್ಟುಹೋದ ಜಾಗಗಳನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದವು. ಬಾಕ್ಸಿಂಗಿನವರ ಮೂಗು, ಎಂದು ಯೋಚಿಸಿದ. ಕಿವಿಗೆ ಜೊತೆಯಾಯಿತು.

ಗಂಟೆಯಾಗಿ ಸ್ಟೂಲಿನ ಮೇಲೆ ಕುಳಿತಾಗ ಹೋನೆ ಅವನ ಮೂಗಿಗೆ ಹತ್ತಿ ತುರುಕುತ್ತ, "ಏನಾಗಿದೆ ನಿಂಗೆ?" ಎಂದ.

"ಗುದ್ದಿದ್ನಲ್ಲ. ತಗುಲ್ತಲ್ಲ."

"ಆ ಗುದ್ದು ನಿಂದಲ್ಲ ಕಣೋ ಪೆದ್ದ. ಕಾಲಿಗೆ ಬೀಳ್ತೀಯ ಅಂತ ಹೆದ್ರಿ ಅವ್ನು ಕೈ ಕೆಳಗಿಟ್ಟಿದ್ದ. ಅದು ನಿನ್ನ ಹೆಸ್ರು ಹೊಡೆದ ಗುದ್ದು. ಈಗ ಬೀಳಲ್ಲ ಅಂತ ಗೊತ್ತಾಗಿದೆ, ಹಬ್ಬ ಮಾಡ್ತಿದಾನೆ. ಯಾಕೆ ಬೀಳ್ತಿಲ್ಲ?"

ಕಲಾಫಿ ಹತ್ತಿಯ ಹಿಂದಿನಿಂದ, "ಅಲ್ಲಿ ನಮ್ಮತ್ತೆ ಇದಾರೆ," ಎಂದ.

ಹೋನೆ ತಿರುಗಿ ನೋಡಿದ. ಹೂ ಮುಡಿದ ಅತ್ತೆ ಅವನನ್ನೂ ನೋಡಿದರು. ಅವನು ತನಗೆ ತಿಳಿಯದೆಯೇ ಕೈಯಲ್ಲಿದ್ದ ರಕ್ತದ ಹತ್ತಿಯನ್ನು ಬೆನ್ನ ಹಿಂದೆ ಮಾಡಿಕೊಂಡ. "ಅಪ್ಪನ ಅಕ್ಕನಾ?"

"ಹೂಂ."

"ಅಯ್ಯೋ," ಎಂದ ಹೋನೆ, ಮನಸಾರೆ. ಅವನಿಗೂ ಅತ್ತೆಯಂದಿರಿದ್ದರು. ಸ್ವಲ್ಪ ಹೊತ್ತು ಗಡ್ಡದ ಜಡೆಯನ್ನು ಎಳೆದುಕೊಂಡ. "ನೋಡು. ಅವರ ಮುಂದೆ ಮಲಗೋಕೆ ನಾಚಿಕೆ ಅಂತೀಯ. ಸರಿ. ಇನ್ನೊಂದು ಸುತ್ತು ಹಿಂಗೇ ನಿಂತ್ರೆ ಹೆಂಗಿದ್ರೂ ಮಲಗ್ತೀಯ. ಮೇಲಲ್ಲ, ಕೆಳಗೆ. ಯಾವ್ದು ವಾಸಿ ನೀನೇ ನೋಡ್ಕೊ."

ಎರಡನೆಯ ಸುತ್ತಿಗೆ ಮಾಟೆ ನಿರಾಳವಾಗಿ, ಹೆಚ್ಚುಕಡಿಮೆ ಕುಣಿಯುತ್ತ ಬಂದ. ದೊಡ್ಡದೊಂದು ಒದೆಗಾಗಿ ಕಾಲೆತ್ತಿದ. ಕಲಾಫಿ ಏನನ್ನೂ ನಿರ್ಧರಿಸಲಿಲ್ಲ. ಅವನ ತಲೆ ತಾನಾಗಿ ತಗ್ಗಿತು, ಭುಜ ಮಾಟೆಯ ಹೊಟ್ಟೆಯನ್ನು ಹುಡುಕಿಕೊಂಡಿತು, ಕೈಗಳು ನೆಲದ ಮೇಲೆ ಉಳಿದಿದ್ದ ಒಂದೇ ಕಾಲಿನ ಹಿಂದೆ ಕೂಡಿಕೊಂಡವು. ಇಬ್ಬರೂ ಧೊಪ್ಪನೆ ಬಿದ್ದರು.

"ಬಂದ್ಯಾ?" ಎಂದ ಮಾಟೆ ಕೆಳಗಿನಿಂದ, ಏದುಸಿರಿನಲ್ಲಿ. "ಎಲ್ಲೋ ಕಳೆದುಹೋದೆ ಅನ್ಕೊಂಡಿದ್ದೆ."

"ಕ್ಷಮಿಸಪ್ಪ," ಎಂದ ಕಲಾಫಿ ಅವನ ಕಂಕುಳಿಗೆ.

ಇಲ್ಲಿ ಎಲ್ಲ ಸದ್ದೂ ದೂರ ಹೋಗುತ್ತಿತ್ತು. ಯಾವಾಗಲೂ ಹೀಗೆ. ಮೇಲಿನ ಲೋಕದಲ್ಲಿ ಎಷ್ಟೊಂದು ಕೈಕಾಲುಗಳು, ಎಷ್ಟೊಂದು ದಿಕ್ಕುಗಳು. ಇಲ್ಲಿ ಒಂದು ಮೈ, ಅದರ ಉಸಿರು, ಅದು ಯಾವ ಕಡೆ ಹೊರಳಲು ಯೋಚಿಸುತ್ತಿದೆ ಎಂಬುದು. ಯೋಚಿಸುವುದಕ್ಕೆ ಮೊದಲೇ ಮೈಯಲ್ಲಿ ಒಂದು ಸಣ್ಣ ಬಿಗಿ ಹುಟ್ಟುತ್ತದೆ, ಅದು ಹುಟ್ಟಿದ ಕಡೆ ಸುಮ್ಮನೆ ಭಾರ ಬಿಡಬೇಕು. ಚಿಕ್ಕಂದಿನಲ್ಲಿ, ಟೊಂಗಾದ ವಾವಾಊ ದ್ವೀಪದಲ್ಲಿ, ಔತಣದ ಬೆಳಗ್ಗೆ ಹಂದಿಗಳನ್ನು ಹಿಡಿದುಕೊಂಡಿರುವ ಕೆಲಸ ಅವನದಾಗಿತ್ತು. ದೊಡ್ಡಪ್ಪ ಕತ್ತಿ ಮಸೆದು ಬರುವವರೆಗೆ. ಬೇರೆ ಹುಡುಗರು ಬಲ ಹಾಕುತ್ತಿದ್ದರು, ಹಂದಿಗಳು ಕಿರುಚಿ ಒದ್ದು ಓಡುತ್ತಿದ್ದವು. ಕಲಾಫಿ ಹಂದಿಯ ಮೇಲೆ ಒರಗಿ ಅದರ ಜೊತೆಗೆ ಉಸಿರಾಡುತ್ತಿದ್ದ. ಹಂದಿ ಸುಮ್ಮನಾಗುತ್ತಿತ್ತು. ಅದು ತನ್ನನ್ನು ನಂಬಿತು ಎಂದು ಆಗ ಅನಿಸಿ, ದೊಡ್ಡಪ್ಪನ ಹೆಜ್ಜೆ ಕೇಳಿಸಿದೊಡನೆ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮಾಟೆಯ ಹೊಟ್ಟೆ ಕೆಳಗೆ ಏರಿತು, ಇಳಿಯಿತು. ಇವನನ್ನು ಯಾರೂ ಕೊಲ್ಲುವುದಿಲ್ಲ ಎಂಬುದು ಎಷ್ಟು ಒಳ್ಳೆಯ ವಿಷಯ ಎಂದು ಕಲಾಫಿಗೆ ಅನಿಸಿತು. ಜನ ಕೂಗಲು ಶುರುಮಾಡಿದ್ದರು. ರೆಫರಿ ಬಗ್ಗಿ, "ಏನಾದ್ರೂ ಮಾಡು. ಇಲ್ಲಾಂದ್ರೆ ಎಬ್ಬಿಸ್ತೀನಿ," ಎಂದ. ಇಲ್ಲಿಂದ ಮುಂದೆ ಏನು ಮಾಡಬೇಕೆಂಬುದು ಕಲಾಫಿಗೆ ಗೊತ್ತಿರಲಿಲ್ಲ. ಕತ್ತು ಹಿಚುಕುವ ಪಟ್ಟುಗಳನ್ನು ಹೋನೆ ಎಷ್ಟು ಕಲಿಸಿದರೂ ಅವನ ಕೈಗೆ ಹತ್ತಿರಲಿಲ್ಲ. ರೆಫರಿಯ ಸಮಾಧಾನಕ್ಕೆಂದು ಮಾಟೆಯ ಪಕ್ಕೆಗೆ ಒಂದೆರಡು ಸಣ್ಣ ಗುದ್ದು ಕೊಟ್ಟ. "ಯಾರು? ಒಳಗೆ ಬಾ," ಎಂದ ಮಾಟೆ.

ಮಾಟೆ ಬಲಕ್ಕೆ ಹೊರಳಲು ನೋಡಿದ, ಕಲಾಫಿ ಭಾರ ಬದಲಿಸಿದ, ಅವನ ಕೆನ್ನೆ ನೆಲಕ್ಕೆ ಒತ್ತಿತು. ಕಣ್ಣು ತೆರೆದರೆ ಬಲೆಯ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಅಡ್ಡಲಾಗಿ, ಅತ್ತೆಯ ಮುಖ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬೇರೆಲ್ಲೂ ನೋಡಲು ಅವನಿಗೆ ಆಗುವಂತಿರಲಿಲ್ಲ, ಕತ್ತು ಸಿಕ್ಕಿಕೊಂಡಿತ್ತು. ಬಿಟ್ಟುಬಿಡಲೇ ಎಂದು ಯೋಚಿಸಿದ. ಬಿಟ್ಟು ಎದ್ದು ಅಂಗಿ ಹಾಕಿಕೊಂಡು ಹೋಗಿಬಿಡಲೇ. ಹಿಂದಿನ ಸಾಲಿನಿಂದ ಒಬ್ಬ, "ಲೇ, ಮದ್ವೆ ಮಾಡ್ಕೊಳ್ರೋ ಇಬ್ರೂ!" ಎಂದು ಅರಚಿದ. ಸುತ್ತಲಿದ್ದವರು ಗೊಳ್ಳೆಂದರು. ಕಲಾಫಿಗೆ ಅತ್ತೆಯ ಕಣ್ಣೆದುರಿಗೇ ಮೈಯೆಲ್ಲ ಬೆಂಕಿಯಾಯಿತು.

ಅತ್ತೆ ಎದ್ದರು. ಹೊರಟೇಹೋದರು ಎಂದುಕೊಂಡ. ಅವರು ತಿರುಗಿ ಆ ಅರಚಿದವನನ್ನು ಒಮ್ಮೆ ನೋಡಿದರು, ಆಮೇಲೆ ಸೊಂಟದ ಚಾಪೆಯನ್ನು ಮೇಲಕ್ಕೆ ಎಳೆದುಕೊಂಡು, ಎರಡೂ ಕೈ ಎತ್ತಿ, "ಮಾಲಿಯೇ! ಮಾಲಿಯೇ!" ಎಂದು ತಮ್ಮ ಮಾತಿನಲ್ಲಿ ಭಲೆ ಕೊಟ್ಟು ಕುಣಿಯತೊಡಗಿದರು. ಔತಣಗಳಲ್ಲಿ ಮನೆಯ ಹುಡುಗಿ ಮೈಗೆ ಎಣ್ಣೆ ಹಚ್ಚಿಕೊಂಡು ಗಂಭೀರವಾಗಿ ಕುಣಿಯುವಾಗ, ಅವಳನ್ನು ಎತ್ತಿ ಮೆರೆಸಲು, ಮನೆಯ ದೊಡ್ಡವರು ಪಕ್ಕದಲ್ಲಿ ನುಗ್ಗಿ ತಮ್ಮನ್ನು ತಾವೇ ಕೋಡಂಗಿ ಮಾಡಿಕೊಳ್ಳುತ್ತಾರಲ್ಲ, ಹಾಗೆ. ಮೊಣಕಾಲು ಬಗ್ಗಿಸಿ, ಕಣ್ಣು ಮೇಲೆ ಕೆಳಗೆ ಮಾಡಿ, ನಾಲಗೆ ಚಾಚಿ, ಪೃಷ್ಠವನ್ನು ಬಲೆಗೆ ತಿರುಗಿಸಿ. ಅಪ್ಪ ತಟ್ಟೆಯ ದೊಡ್ಡ ತುಂಡು ಎತ್ತಿಡುತ್ತಿದ್ದ ಅತ್ತೆ. ಚರ್ಚಿನ ಹೆಂಗಸರೂ ಎದ್ದರು. ಅರಚಿದವನು ಬಾಯಿ ಮುಚ್ಚಿಕೊಂಡು, ಆಮೇಲೆ ಬೇರೆ ದಾರಿ ಕಾಣದೆ ಚಪ್ಪಾಳೆ ತಟ್ಟತೊಡಗಿದ. ಇಡೀ ಸಭಾಂಗಣ ಒಬ್ಬ ಮನುಷ್ಯ ಇನ್ನೊಬ್ಬನ ಮೇಲೆ ಸುಮ್ಮನೆ ಮಲಗಿರುವುದಕ್ಕೆ ತಾಳ ಹಾಕುತ್ತಿತ್ತು.

ಕಲಾಫಿಯ ಹೊಟ್ಟೆಯ ಆಳದಲ್ಲೆಲ್ಲೋ ನಗು ಎದ್ದಿತು. ತಡೆದ. ಅದು ಮೌತ್‌ಗಾರ್ಡಿನ ಸಂದಿಯಿಂದ ಗೊರಕೆಯಂತೆ ನುಸುಳಿತು. ಅತ್ತೆ ಒಂದು ಸುತ್ತು ತಿರುಗಿ ಮತ್ತೆ ನಾಲಗೆ ಚಾಚಿದರು. ಅವನ ಭುಜ ಕುಲುಕಿತು, ಮೈಯ ಭಾರವೆಲ್ಲ ನಗುವಾಗಿ ಹಗುರಾಯಿತು. ನಗುವ ಮನುಷ್ಯ ಯಾರನ್ನೂ ಹಿಡಿದುಕೊಂಡಿರಲಾರ. ಮಾಟೆ ಮೀನಿನಂತೆ ಜಾರಿ ಎದ್ದುಬಿಟ್ಟ. ಕಲಾಫಿಯೂ ಎದ್ದ, ಇನ್ನೂ ನಗುತ್ತಲೇ, ಕಣ್ಣಲ್ಲಿ ನೀರು ತುಂಬಿಕೊಂಡು. ಆ ನೀರಿನ ಆಚೆ ಮಾಟೆಯ ಎಡಗಾಲು ಹೊರಟದ್ದು ಮಂಜುಮಂಜಾಗಿ ಕಂಡಿತು. ಅದು ಬಲಪಕ್ಕೆಯ ಕೆಳಗೆ, ಪಿತ್ತಜನಕಾಂಗದ ಮೇಲೆ ಬಿತ್ತು. ಮೊದಲು ಏನೂ ಆಗಲಿಲ್ಲ. ಆಮೇಲೆ ಯಾರೋ ಒಳಗಿನ ದೀಪವನ್ನೆಲ್ಲ ಆರಿಸಿದಂತಾಗಿ ಅವನು ಮಂಡಿಯೂರಿ, ಹಣೆ ನೆಲಕ್ಕಿಟ್ಟು ಕುಳಿತುಬಿಟ್ಟ. ರೆಫರಿ ಕೈ ಬೀಸಿದ. ಮುಗಿಯಿತು.

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಅವನು ಪಕ್ಕೆ ಹಿಡಿದುಕೊಂಡು ಕುಳಿತಿದ್ದ. ಮಾಟೆ ಬಂದು ತಲೆ ಸವರಿ, "ಸಿಡ್ನಿಗೆ ನಂಗೆ ಹೇಳಿದಾರೆ," ಎಂದ, ಏನೋ ಕದ್ದವನಂತೆ. ಬಾಗಿಲವರೆಗೆ ಹೋಗಿ ತಿರುಗಿ, "ಅಲ್ಲೂ ಯಾರಾದ್ರೂ ಮಲಗಿಸಿದ್ರೆ ಏಳೋದು ಹೆಂಗೆ ಅಂತ ಹೇಳ್ಕೊಡ್ತೀಯಾ?" ಎಂದು ಕೇಳಿದ. ಕಲಾಫಿ ತಲೆಯಾಡಿಸಿದ. ತಲೆಯಾಡಿಸಿದರೂ ಪಕ್ಕೆ ನೋಯುತ್ತಿತ್ತು. ಮಾಟೆ ಹೋದಮೇಲೆ ಸಿಡ್ನಿ ಎಂಬ ಊರು ಅವನೊಳಗೆ ನಿಧಾನವಾಗಿ ದೂರ ಸರಿಯಿತು.

ಬಾಗಿಲ ಹೊರಗಿನಿಂದ ಅತ್ತೆಯ ದನಿ ಬಂತು. "ಮೊದಲು ಅವನಿಗೊಂದು ಅಂಗಿ ಹಾಕ್ರಪ್ಪ. ಆಮೇಲೆ ಒಳಗೆ ಬರ್ತೀನಿ." ಹೋನೆ ಗಡಿಬಿಡಿಯಲ್ಲಿ ತನ್ನ ಅಂಗಿಯನ್ನೇ ಬಿಚ್ಚಿ ಕಲಾಫಿಗೆ ತೊಡಿಸಿ, ತಾನು ಬರಿಮೈಯಾದದ್ದು ಅರಿವಾಗಿ ಟವೆಲ್ ಹೊದ್ದುಕೊಂಡು ಮೂಲೆಗೆ ನಿಂತ. ಅತ್ತೆ ಒಳಗೆ ಬಂದು ಬೆಂಚಿನ ಮೇಲೆ ಕುಳಿತರು. ಹೂ ಕಿವಿಯ ಮೇಲೆ ಜೋಲುತ್ತಿತ್ತು.

"ಇದು ಬಾಕ್ಸಿಂಗ್ ಅಲ್ಲ," ಎಂದರು.

"ಅಲ್ಲ ಅತ್ತೆ."

"ಮೊದ್ಲು ನೀನು ಮಾಡ್ತಿದ್ಯಲ್ಲ, ಅದೇನದು?"

"ಅದು ಬಾಕ್ಸಿಂಗು."

"ಥೂ. ಅದು ಬೇಡ ನಿಂಗೆ. ಆಮೇಲಿಂದು?"

ಕಲಾಫಿ ನೆಲ ನೋಡಿದ. "ಹಿಡ್ಕೊಳ್ಳೋದು."

"ಅದು ಬರುತ್ತೆ ನಿಂಗೆ." ಅತ್ತೆ ತೀರ್ಪು ಕೊಟ್ಟವರಂತೆ ತಲೆಯಾಡಿಸಿದರು. "ಕಣ್ಣಾರೆ ನೋಡ್ದೆನಲ್ಲ. ನಿಮ್ಮಪ್ಪನ ಕೈಲಿ ಆಗ್ತಿರ್ಲಿಲ್ಲ ಅದು. ಆ ಹುಡುಗ ಮಿಸುಕಾಡೋಕಾಗ್ದೆ ಹೆಂಗೆ ಬಿದ್ದಿದ್ದ. ನಾನು ಪಕ್ಕದೋಳಿಗೆ ಹೇಳ್ದೆ, ಇವನು ನಾಳೆ ಪ್ರಾರ್ಥನೆವರೆಗೂ ಬಿಡಲ್ಲ ನೋಡು ಅಂತ." ಅವರು ಅವನ ಕಡೆ ವಾಲಿದರು; ನಿಜಕ್ಕೂ ತಿಳಿಯದೆ ಕೇಳುವ ಮುಖ. "ಮತ್ತೆ ಯಾಕೋ ಬಿಟ್ಟೆ?"

ಮೂಲೆಯಲ್ಲಿ ಹೋನೆ ತುಂಬಾ ಆಸಕ್ತಿಯಿಂದ ನಲ್ಲಿಯನ್ನು ನೋಡತೊಡಗಿದ. ಕಲಾಫಿ ಅತ್ತೆಯ ಜೋಲುವ ಹೂವನ್ನೂ ಮೇಲ್ದುಟಿಯ ಮೇಲಿನ ಬೆವರನ್ನೂ ಇನ್ನೂ ಪೂರ್ತಿ ತಹಬಂದಿಗೆ ಬಾರದ ಅವರ ಉಸಿರನ್ನೂ ನೋಡಿದ.

"ಕೈ ಬೆವೆತು ಜಾರ್ತು ಅತ್ತೆ," ಎಂದ.

ಅತ್ತೆ ಚೀಲದಿಂದ ಕರವಸ್ತ್ರ ತೆಗೆದರು. ಅವನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಅಂಗೈಯನ್ನು ಬಿಡಿಸಿ, ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಒರೆಸತೊಡಗಿದರು. ಅದು ಮುಗಿದ ಮೇಲೆ ಎಡಗೈಯನ್ನು ಕೇಳಿದರು.

"ಮುಂದಿನ ಸಲ ಮೈದಾಹಿಟ್ಟು ಹಚ್ಕೊ," ಎಂದರು. "ನಾನೇ ತರ್ತೀನಿ."